ಬಾಡಿಗೆ ಮನೆಯ ವಿದ್ಯುತ್ತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಬಾಡಿಗೆ ಮನೆ ಹಿಡಿದು ನೋಡು ಎಂದು ಅವರು ಹೇಳಲಿಲ್ಲ. ಹೇಳುವ ಪ್ರಸಂಗ ಅವರಿಗೆ ಅಷ್ಟಾಗಿ ಬಂದಿರಲಿಕ್ಕಿಲ್ಲ. ಪರಸ್ಥಳಕ್ಕೆ ಹೋದವನು ನೆಂಟರ ಮನೆಯಲ್ಲೋ ಮಠದಲ್ಲೋ ವಿದ್ಯಾರ್ಥಿನಿಲಯದಲ್ಲೋ ತಂಗುತ್ತಿದ್ದ. ಸ್ವಂತ ಒಲೆ ಹೂಡುವ ಹೊತ್ತಿಗೆ ಜೊತೆಗೆ ಹಿರಿಯರೊಬ್ಬರು ಇದ್ದೇ ಇರುತ್ತಿದ್ದರು. ಇಂದು ಹಾಗಲ್ಲ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿನ ಹುಡುಗ ಹುಡುಗಿಯರು ಕೆಲಸ ಸಿಕ್ಕಿತೆಂದು ಬೆಂಗಳೂರಿಗೋ ಮೈಸೂರಿಗೋ ಹುಬ್ಬಳ್ಳಿಗೋ ಬರುತ್ತಾರೆ. ಒಂದು ಭಾನುವಾರ ನಾಲ್ಕು ಮನೆ ನೋಡಿ ಐದನೆಯದನ್ನು ಒಪ್ಪಿ, ಮುಂಗಡ ಕೊಟ್ಟು, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುತ್ತಾರೆ. ಅಂದಿನಿಂದ ಆ ಮನೆಯ ಗೋಡೆಯೊಳಗೆ ಏನಿದೆಯೋ ಅದು ಅವರ ಪಾಲಿಗೆ ಬರುತ್ತದೆ.

ಮನೆ ನೋಡುವಾಗ ನಾವು ಏನೇನು ನೋಡುತ್ತೇವೆ? ನೀರು ಕಾವೇರಿಯದೋ ಕೊಳವೆ ಬಾವಿಯದೋ ಎಂದು ಕೇಳುತ್ತೇವೆ. ಗಾಳಿ ಬೆಳಕು ನೋಡುತ್ತೇವೆ. ಕೆಲವರು ಅಡುಗೆಮನೆಯ ದಿಕ್ಕನ್ನೂ, ಹೊಸ್ತಿಲಿನ ಎದುರಿಗೆ ಏನಿದೆಯೆಂಬುದನ್ನೂ ವಿಚಾರಿಸುತ್ತಾರೆ. ಬಸ್ಸು ಎಷ್ಟು ದೂರ, ಹಾಲು ಎಲ್ಲಿ, ಬೀದಿ ನಾಯಿಗಳ ಕಾಟ ಉಂಟೆ ಎಂದು ತಿಳಿದುಕೊಳ್ಳುತ್ತೇವೆ. ಇವೆಲ್ಲ ಬೇಕಾದ ವಿಚಾರಗಳೇ. ಆದರೆ ಮೆಟ್ಟಿಲ ಕೆಳಗೋ ಮುಂಬಾಗಿಲ ಹಿಂದೆಯೋ ಇರುವ ಆ ಚಿಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದವರನ್ನು ನಾನು ಕಂಡದ್ದು ಕಡಿಮೆ. ಮೀಟರು ಎಲ್ಲಿದೆ, ಮೇನ್ ಸ್ವಿಚ್ಚು ಯಾವುದು, ಗ್ರೌಂಡು ಅಥವಾ ಅರ್ತಿಂಗ್ ಎಂದು ನಾವು ಕರೆಯುವ ಭೂಸಂಪರ್ಕ ಇದೆಯೋ ಇಲ್ಲವೋ, ಇವನ್ನು ಕೇಳಿದವರು ಅದಕ್ಕಿಂತಲೂ ಕಡಿಮೆ.

ನಾನು ಕನ್ನಡದ ಮೇಷ್ಟರು. ವಿದ್ಯುತ್ ಶಾಸ್ತ್ರ ನನ್ನ ವಿಷಯವಲ್ಲ. ಆದರೆ ಸರ್ಕಾರಿ ಕಾಲೇಜಿನ ನೌಕರಿಯಲ್ಲಿ ಊರಿಂದೂರಿಗೆ ವರ್ಗವಾಗುತ್ತ ಒಂಬತ್ತು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದ್ದೇನೆ. ಪ್ರತಿ ಊರಿನಲ್ಲಿಯೂ ಒಬ್ಬ ಒಳ್ಳೆಯ ವೈರ್‌ಮನ್ನಿನ ಸ್ನೇಹ ದೊರೆಯಿತು. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಕೇಳಿ ತಿಳಿದ ಸಂಗತಿಗಳನ್ನೇ ಈಗ ತಮ್ಮ ಮುಂದೆ ಇಡುತ್ತಿದ್ದೇನೆ. ಮುಖ್ಯವಾಗಿ ಮೊದಲ ಬಾರಿಗೆ ಬಾಡಿಗೆ ಮನೆ ಹಿಡಿದಿರುವ ತರುಣ ತರುಣಿಯರಿಗೆ ಈ ಮಾತು.

ವಿದ್ಯುತ್ತು ಎಂಬ ಶಬ್ದಕ್ಕೆ ಮಿಂಚು ಎಂದೇ ಅರ್ಥ. ಆಕಾಶದ ಮಿಂಚಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ನಾವು ಗೋಡೆಯ ಮಿಂಚನ್ನು ಬೆರಳ ತುದಿಯಿಂದ ಆಡಿಸುತ್ತೇವೆ. ಮಾತಿನಲ್ಲಂತೂ ಅದನ್ನು ಮನೆಯ ಅತಿಥಿಯಂತೆ ಕಂಡಿದ್ದೇವೆ: ಕರೆಂಟು ಬಂತು, ಕರೆಂಟು ಹೋಯಿತು ಎನ್ನುತ್ತೇವೆ. ಬಂದಾಗ ಹೇಗೆ ಬಂತೆಂದು ಕೇಳುವುದಿಲ್ಲ. ಹೋದಾಗ ಮಾತ್ರ ಏಕೆ ಹೋಯಿತೆಂದು ಗೊಣಗುತ್ತೇವೆ. ಈ ಅತಿಥಿ ನಮ್ಮ ನಾಡಿಗೆ ಬಂದು ನೂರಿಪ್ಪತ್ತು ವರ್ಷ ದಾಟಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿದದ್ದು 1905ರಲ್ಲಿ.

ಈ ಚರಿತ್ರೆಯನ್ನು ಹೇಳಿದ್ದಕ್ಕೆ ಕಾರಣವುಂಟು. ನಮ್ಮ ಹಳೆಯ ಮನೆಗಳ ತಂತಿಗಳಲ್ಲಿಯೂ ಇಂಥದೊಂದು ಚರಿತ್ರೆ ಪದರು ಪದರಾಗಿ ಕುಳಿತಿದೆ. ಮೊದಲು ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ತಂತಿ. ಆಮೇಲೆ ಗೋಡೆ ಕೊರೆದು ಕೊಳವೆಯೊಳಗೆ ಹುದುಗಿಸಿದ ತಂತಿ. ಮಹಡಿ ಕಟ್ಟಿದಾಗ ಕೆಳಗಿನಿಂದ ಎಳೆದುಕೊಂಡ ಹೊಸ ಸಾಲು. ಮಗನ ಮದುವೆಗೆ ಬಚ್ಚಲುಮನೆಯಲ್ಲಿ ಗೀಸರು ಹಾಕಿಸಿದಾಗ ಅವಸರದಲ್ಲಿ ಸೇರಿಸಿದ ಇನ್ನೊಂದು ತುಂಡು. ಮನೆ ಕಟ್ಟಿದಾಗ ಇದ್ದದ್ದು ಐದಾರು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋ. 60 ವಾಟಿನ ಬಲ್ಬು 230 ವೋಲ್ಟಿನಲ್ಲಿ ಕಾಲು ಆಂಪಿಯರಿನಷ್ಟು ಪ್ರವಾಹವನ್ನು ಎಳೆಯುತ್ತದೆ. 2000 ವಾಟಿನ ಗೀಸರು ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ಅಂದರೆ ಒಂದು ಗೀಸರು ಮೂವತ್ತಮೂರು ಬಲ್ಬುಗಳಿಗೆ ಸಮ. ಅದರ ಜೊತೆಗೆ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ, ವಿದ್ಯುತ್ ಒಲೆ. ಅಜ್ಜನ ಕಾಲದ ಎತ್ತಿನ ಗಾಡಿಗೆ ನಾವು ಲಾರಿಯ ಹೊರೆ ಹೇರಿದ್ದೇವೆ. ಗಾಡಿ ಕಿರುಗುಟ್ಟಿದರೆ ಆಶ್ಚರ್ಯವೇನು?

ಹಾಗಾದರೆ ಆ ಕಿರುಗುಟ್ಟುವಿಕೆಯನ್ನು ಕೇಳಿಸಿಕೊಳ್ಳುವುದು ಹೇಗೆ? ಮೊದಲು ಮನೆಗೆ ಕಾಲಿಟ್ಟ ದಿನವೇ ಮಾಡಬೇಕಾದ ಕೆಲಸವನ್ನು ಹೇಳುತ್ತೇನೆ. ಹಾಲು ಉಕ್ಕಿಸುವ ಶಾಸ್ತ್ರ ಮುಗಿದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮನೆಯ ಮಾಲೀಕರನ್ನು ಕರೆದು, ಮೇನ್ ಸ್ವಿಚ್ಚು ಯಾವುದೆಂದು ತೋರಿಸಲು ಹೇಳಿ. ಕತ್ತಲೆಯಲ್ಲಿ ತಡವಿಕೊಂಡು ಹೋದರೂ ಕೈಗೆ ಸಿಗುವಷ್ಟು ಅದರ ಪರಿಚಯವಾಗಬೇಕು. ಆ ಪೆಟ್ಟಿಗೆಯಲ್ಲಿ ಹಳೆಯ ಪಿಂಗಾಣಿ ಫ್ಯೂಸುಗಳಿವೆಯೋ, ತಾವಾಗಿಯೇ ಕೆಳಗೆ ಬೀಳುವ ಎಂಸಿಬಿಗಳಿವೆಯೋ ನೋಡಿ. ಒಂದೊಂದನ್ನಾಗಿ ಆರಿಸಿ, ಯಾವುದಕ್ಕೆ ಯಾವ ಕೋಣೆ ಎಂದು ಪರೀಕ್ಷಿಸಿ, ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗಡೆ ಅಂಟಿಸಿ. ಬೆಂಗಳೂರಿನಂಥ ಊರಿನಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಮನೆಯಲ್ಲಿ ಯುಪಿಎಸ್ ಇದ್ದರೆ, ಮೇನ್ ಸ್ವಿಚ್ಚು ಆರಿಸಿದ ಮೇಲೂ ಅದರ ಸಾಲಿನ ದೀಪ ಫ್ಯಾನುಗಳಲ್ಲಿ ಪೂರ್ಣ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಮೇನ್ ಆರಿಸಿದ್ದೇನೆಂಬ ಧೈರ್ಯದಿಂದ ಬಲ್ಬಿನ ಹೋಲ್ಡರಿಗೆ ಕೈಹಾಕುವವನಿಗೆ ಅದು ಮೋಸ ಮಾಡುತ್ತದೆ. ಅದನ್ನು ಆರಿಸುವ ಸ್ವಿಚ್ಚನ್ನೂ ಕೇಳಿ ತಿಳಿದಿರಬೇಕು.

ಇನ್ನು ತೊಂದರೆ ಬಂದಾಗ. ಒಂದು ರಾತ್ರಿ ಎಂಟು ಗಂಟೆಗೆ ದೀಪ ಆರಿತೆಂದು ಇಟ್ಟುಕೊಳ್ಳಿ. ಆಗ ಹೊರಗಿನಿಂದ ಒಳಕ್ಕೆ ವಿಚಾರಿಸುತ್ತ ಬರಬೇಕು. ಮೊದಲ ಪ್ರಶ್ನೆ: ಪಕ್ಕದ ಮನೆಯಲ್ಲಿ ದೀಪ ಇದೆಯೆ? ಇಲ್ಲವಾದರೆ ದೋಷ ಬೀದಿಯದು. ವಿದ್ಯುತ್ ಕಂಪನಿಯ 1912 ಸಂಖ್ಯೆಗೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆಯನ್ನು ಗುರುತು ಹಾಕಿಕೊಂಡರೆ ನಿಮ್ಮ ಕೆಲಸ ಮುಗಿಯಿತು. ಪಕ್ಕದವರಲ್ಲಿ ಇದ್ದು ನಿಮ್ಮಲ್ಲಿ ಮಾತ್ರ ಇಲ್ಲವಾದರೆ ಎರಡನೆಯ ಪ್ರಶ್ನೆ: ಇಡೀ ಮನೆ ಕತ್ತಲೆಯೋ, ಒಂದು ಭಾಗವೋ? ಒಂದು ಭಾಗವಾದರೆ ಪೆಟ್ಟಿಗೆಯಲ್ಲಿ ಅದರ ಎಂಸಿಬಿ ಬಿದ್ದಿರುತ್ತದೆ ಅಥವಾ ಫ್ಯೂಸಿನ ತಂತಿ ಕರಗಿರುತ್ತದೆ. ಆಗ ಮೂರನೆಯ ಪ್ರಶ್ನೆ: ದೀಪ ಆರುವ ಮುನ್ನ ಯಾವುದನ್ನು ಹಾಕಿದಿರಿ? ಈ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದವನು ವೈರ್‌ಮನ್ನನ್ನು ಕರೆದಾಗ ಆತನ ಅರ್ಧ ಕೆಲಸವನ್ನು ತಾನೇ ಮಾಡಿಟ್ಟಿರುತ್ತಾನೆ. ರೋಗಿ ತನ್ನ ನೋವು ಎಲ್ಲಿ, ಯಾವಾಗಿನಿಂದ ಎಂದು ಹೇಳಿದರೆ ವೈದ್ಯನಿಗೆ ಅನುಕೂಲವಾಗುವುದಿಲ್ಲವೆ? ಹಾಗೆ.

ಬಿದ್ದ ಎಂಸಿಬಿಯನ್ನು ಮೇಲೆತ್ತುವ ಮುನ್ನ ಆ ಭಾಗದಲ್ಲಿ ಚುಚ್ಚಿರುವ ಸಲಕರಣೆಗಳನ್ನೆಲ್ಲ ಹೊರಗೆ ತೆಗೆಯಬೇಕು. ಆಮೇಲೆ ಒಮ್ಮೆ ಎತ್ತಿ ನೋಡಬೇಕು. ನಿಂತರೆ, ಒಂದೊಂದೇ ಸಲಕರಣೆಯನ್ನು ಸೇರಿಸುತ್ತ ಬರಬೇಕು. ಯಾವುದನ್ನು ಹಾಕಿದಾಗ ಮತ್ತೆ ಬಿತ್ತೋ ಅದೇ ಅಪರಾಧಿ. ಏನೂ ಸೇರಿಸದೆಯೂ ಬಿದ್ದರೆ ದೋಷ ಗೋಡೆಯೊಳಗಿನ ತಂತಿಯಲ್ಲಿದೆ; ಅಲ್ಲಿಗೆ ನಮ್ಮ ವಿದ್ಯೆ ಮುಗಿಯಿತು. ಮತ್ತೆ ಮತ್ತೆ ಎತ್ತುವುದು ಅಪಾಯ. ಎಂಸಿಬಿ ಬೀಳುವುದು ಅದರ ಹಟಮಾರಿತನವಲ್ಲ, ಅದರ ಕರ್ತವ್ಯ. ಬಾಗಿಲಲ್ಲಿ ಬೊಗಳುವ ನಾಯಿಯ ಬಾಯಿ ಕಟ್ಟಿದರೆ ಕಳ್ಳ ಹೋಗುವುದಿಲ್ಲ.

ಹಳೆಯ ಪಿಂಗಾಣಿ ಫ್ಯೂಸುಗಳ ವಿಷಯದಲ್ಲಿ ಈ ಬಾಯಿ ಕಟ್ಟುವ ಕೆಲಸ ನಮ್ಮಲ್ಲಿ ಬಹಳ ಕಾಲದಿಂದ ನಡೆದಿದೆ. ಫ್ಯೂಸಿನ ತಂತಿ ಪದೇ ಪದೇ ಕರಗುತ್ತದೆಂದು ಬೇಸರಪಟ್ಟು ದಪ್ಪನೆಯ ತಾಮ್ರದ ಎಳೆಯನ್ನು ಸುತ್ತಿಬಿಡುತ್ತಾರೆ. ಆಮೇಲೆ ಫ್ಯೂಸು ಹೋಗುವುದಿಲ್ಲ, ನಿಜ. ಆದರೆ ಕರಗಬೇಕಾದ ತಂತಿ ಕರಗದಿದ್ದರೆ ಅದಕ್ಕೆ ಬದಲಾಗಿ ಗೋಡೆಯೊಳಗಿನ ತಂತಿ ಕಾಯುತ್ತದೆ. ಅದರ ಹೊದಿಕೆ ಸುಡುತ್ತದೆ. ಬೆಂಕಿ ಅಲ್ಲಿಂದ ಹೊರಡುತ್ತದೆ. ಬಾಡಿಗೆಗೆ ಹಿಡಿದ ಮನೆಯ ಫ್ಯೂಸಿನಲ್ಲಿ ಹಿಂದಿದ್ದವರು ಎಂಥ ತಂತಿ ಸುತ್ತಿದ್ದಾರೆಂಬುದು ನಿಮಗೆ ತಿಳಿಯದು. ಆದ್ದರಿಂದ ಮೊದಲ ವಾರದಲ್ಲಿಯೇ ಬಲ್ಲವರಿಂದ ತೆಗೆಸಿ ನೋಡಿಸುವುದು ಲೇಸು.

ದೋಷವು ಮೊದಲೇ ಕೊಡುವ ಸೂಚನೆಗಳೂ ಉಂಟು. ಸ್ವಿಚ್ಚು ಹಾಕಿದಾಗ ಚಟಚಟ ಸದ್ದು, ಪ್ಲಗ್ಗಿನ ಸುತ್ತ ಕಂದುಬಣ್ಣ, ಸುಟ್ಟ ಪ್ಲಾಸ್ಟಿಕ್ಕಿನ ಅಥವಾ ಕೊಳೆತ ಮೀನಿನಂಥ ವಾಸನೆ, ಮುಟ್ಟಿದರೆ ಬಿಸಿಯಾಗಿರುವ ಸ್ವಿಚ್ ಬೋರ್ಡು, ಇವೆಲ್ಲ ಎಲ್ಲಿಯೋ ಜೋಡಣೆ ಸಡಿಲಾಗಿದೆಯೆಂದು ಹೇಳುತ್ತವೆ. ದೀಪಗಳಲ್ಲಿ ಕೆಲವು ತೀರ ಮಂಕಾಗಿ ಕೆಲವು ಅತಿ ಪ್ರಖರವಾಗಿ ಉರಿದರೆ ಅದು ಇನ್ನೂ ಗಂಭೀರ. ಮೂರು ಫೇಸಿನ ಮನೆಯಲ್ಲಿ ಅಥವಾ ಬೀದಿಯ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದಾಗ ಹೀಗಾಗುತ್ತದೆ. ಒಂದು ಕ್ಷಣವೂ ಯೋಚಿಸದೆ ಮೇನ್ ಆರಿಸಬೇಕು. ಇಲ್ಲವಾದರೆ 230 ವೋಲ್ಟಿಗಾಗಿ ಮಾಡಿದ ಸಲಕರಣೆಗಳ ಮೇಲೆ ಅದನ್ನು ಬಹಳವಾಗಿ ಮೀರಿದ ಒತ್ತಡ ಬಿದ್ದು, ಫ್ರಿಜ್ಜು ದೂರದರ್ಶನಗಳೆಲ್ಲ ಒಟ್ಟಿಗೆ ಸುಟ್ಟುಹೋಗುತ್ತವೆ.

ಇದುವರೆಗೆ ಹೇಳಿದ್ದು ಕತ್ತಲೆಯ ಮತ್ತು ಬೆಂಕಿಯ ವಿಷಯ. ಇನ್ನು ಹೇಳಬೇಕಾದದ್ದು ಪ್ರಾಣದ ವಿಷಯ. ಅದನ್ನು ಕಂಡದ್ದೊಂದು ಉದಾಹರಣೆಯ ಮೂಲಕವೇ ಹೇಳುವುದು ಉಚಿತ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಊರಿನಿಂದ ದೂರವಾಣಿ ಮಾಡಿದರು. ಅವರ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಗೆಳತಿಯೊಬ್ಬಳೊಡನೆ ಹಳೆಯ ಬಡಾವಣೆಯೊಂದರಲ್ಲಿ ಮಹಡಿಯ ಮನೆ ಹಿಡಿದಿದ್ದಳು. "ಸರ್, ಸ್ನಾನದ ಮನೆಯ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದಂತೆ. ಮನೆಯವರು ಏನೂ ಇಲ್ಲ ಅನ್ನುತ್ತಾರಂತೆ. ತಾವೊಂದು ಸಲ ಹೋಗಿ ನೋಡಬಹುದೆ?" ಎಂದರು. ನನಗೆ ಪರಿಚಯದ ವೈರ್‌ಮನ್ನೊಬ್ಬರನ್ನು ಕರೆದುಕೊಂಡು ಹೋದೆ.

ಕೆಳಗಿನ ಮನೆಯಲ್ಲಿದ್ದ ಮಾಲೀಕರು ವಯಸ್ಸಾದ ಹೆಂಗಸು, ಸಂಭಾವಿತರು. "ಹನ್ನೆರಡು ವರ್ಷದಿಂದ ಬಾಡಿಗೆಗೆ ಕೊಡ್ತಾ ಇದ್ದೀನಿ ಸ್ವಾಮಿ. ಇದುವರೆಗೂ ಯಾರೂ ಒಂದು ಮಾತು ಹೇಳಿಲ್ಲ. ಈಗಿನ ಮಕ್ಕಳಿಗೆ ಎಲ್ಲಕ್ಕೂ ಭಯ. ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಮ್ಮಾ ಅಂದೆ, ಅಷ್ಟೆ" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಯಾರೂ ಅವರಿಗೆ ಹೇಳಿರಲಿಲ್ಲವೆಂಬುದು ನಿಜವೇ ಆಗಿತ್ತು.

ಮೇಲೆ ಹೋಗಿ ನೋಡಿದೆವು. ಗೀಸರಿನ ಸ್ವಿಚ್ಚು ಹಾಕಿ ನಲ್ಲಿಗೆ ಟೆಸ್ಟರು ಮುಟ್ಟಿಸಿದಾಗ ಅದರೊಳಗಿನ ಕೆಂಪು ದೀಪ ಮಿಣುಕಿತು. ವೈರ್‌ಮನ್ನರು ಮೇನ್ ಆರಿಸಿ, ಪ್ಲಗ್ಗಿನ ಮುಖ ಬಿಚ್ಚಿದರು. ಮೂರು ರಂಧ್ರಗಳಲ್ಲಿ ಮೇಲಿನ ದೊಡ್ಡ ರಂಧ್ರಕ್ಕೆ ಸೇರಬೇಕಾದ ಹಸುರು ತಂತಿ ಮಡಿಸಿಕೊಂಡು ಹಿಂದೆ ಕುಳಿತಿತ್ತು, ಯಾವುದಕ್ಕೂ ಸೇರಿರಲಿಲ್ಲ. ಆ ತಂತಿಯನ್ನು ಹಿಡಿದು ಕೆಳಗಿನ ಮೀಟರು ಹಲಗೆಯವರೆಗೆ ಹುಡುಕಿದರೆ ಅಲ್ಲಿಯೂ ಅದಕ್ಕೆ ಮುಂದಿನ ದಾರಿ ಇರಲಿಲ್ಲ. ಅಂಗಳದಲ್ಲಿದ್ದ ಭೂಸಂಪರ್ಕದ ಗುಂಡಿಯನ್ನು ಕಾರು ನಿಲ್ಲಿಸಲು ಸಿಮೆಂಟು ಹಾಕಿಸಿದಾಗ ಮುಚ್ಚಿಬಿಟ್ಟಿದ್ದರು. ಮಹಡಿ ಕಟ್ಟಿಸಿದವರು ಹೊಸದನ್ನು ತೋಡಿಸಿರಲಿಲ್ಲ. ಗೀಸರಿನೊಳಗೆ ನೀರು ಕಾಯಿಸುವ ಕಂಬಿಯ ಕವಚ ಸೀಳಿ ವಿದ್ಯುತ್ತು ನೀರಿಗೂ ಹೊರಮೈಗೂ ಸೋರುತ್ತಿತ್ತು. ಸೋರಿದ ವಿದ್ಯುತ್ತಿಗೆ ನೆಲಕ್ಕಿಳಿಯಲು ತಂತಿಯಿಲ್ಲದ್ದರಿಂದ ಅದು ಒದ್ದೆ ನೆಲದ ಮೇಲೆ ನಿಂತ ಮನುಷ್ಯನ ಮೈಯನ್ನೇ ದಾರಿ ಮಾಡಿಕೊಳ್ಳುತ್ತಿತ್ತು.

ಆ ಸ್ನಾನದ ಮನೆಯ ಮೂಲೆಯಲ್ಲಿ ಸವೆದ ಒಂದು ಜೊತೆ ರಬ್ಬರ್ ಚಪ್ಪಲಿ ಇತ್ತು. ನಿನ್ನದೇನಮ್ಮಾ ಎಂದು ಕೇಳಿದೆ. "ಇಲ್ಲ ತಾತ, ನಾವು ಬಂದಾಗಲೇ ಇತ್ತು. ಹಿಂದಿದ್ದವರು ಮರೆತು ಹೋಗಿರಬೇಕು" ಎಂದಳು. ಮರೆತದ್ದಲ್ಲ ಎಂಬುದು ಆಗ ನಮಗೆಲ್ಲರಿಗೂ ಹೊಳೆಯಿತು. ಹಿಂದಿದ್ದವರಿಗೆ ಆ ಜುಮ್ಮು ಗೊತ್ತಿತ್ತು. ಬಹುಶಃ ಅವರಿಗೂ ಹಿಂದಿನವರಿಗೆ ಗೊತ್ತಿತ್ತು. ಹೇಳಿದರೆ ಮನಸ್ತಾಪ, ಮುಂಗಡ ಹಿಂದಿರುಗುವಾಗ ತಕರಾರು, ಹೇಗೂ ಹನ್ನೊಂದು ತಿಂಗಳು ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಸ್ನಾನ ಮಾಡಿದರು. ಹೋಗುವಾಗ ಅದನ್ನು ಬಿಟ್ಟುಹೋದರು. ಮನೆಯೊಡತಿಗೆ ಮಾತ್ರ ಯಾರೂ ಹೇಳಲಿಲ್ಲ.

ಕೆಲಸವಾಯಿತೆನ್ನಿ. ವೈರ್‌ಮನ್ನರು ಸಿಮೆಂಟು ಒಡೆಸಿ, ಹೊಸ ಗುಂಡಿ ತೋಡಿ, ಕೊಳವೆ ಇಳಿಸಿ, ಇದ್ದಿಲು ಉಪ್ಪು ತುಂಬಿ, ಎರಡೂ ಮನೆಗಳಿಗೆ ಹಸುರು ತಂತಿಯನ್ನು ಜೋಡಿಸಿದರು. ಪರೀಕ್ಷಿಸಿದಾಗ ಕೆಳಗಿನ ಮನೆಗೂ ಅಷ್ಟು ಕಾಲ ಭೂಸಂಪರ್ಕವಿರಲಿಲ್ಲವೆಂದು ತಿಳಿಯಿತು. ಆ ತಾಯಿ ತಮ್ಮ ಮೊಮ್ಮಗುವನ್ನು ಅದೇ ಮನೆಯಲ್ಲಿ ಮೀಯಿಸುತ್ತಿದ್ದರು. ಆಮೇಲೆ ಅವರು ಖರ್ಚಿನ ಮಾತು ಎತ್ತಲಿಲ್ಲ. ಒಟ್ಟು ವೆಚ್ಚ ಮೇಲಿನ ಮನೆಯ ಒಂದು ತಿಂಗಳ ಬಾಡಿಗೆಯ ಅರ್ಧಕ್ಕೂ ಕಡಿಮೆಯಾಯಿತು.

ಈ ಪ್ರಸಂಗದಲ್ಲಿ ತಿಳಿಯಬೇಕಾದ ಶಾಸ್ತ್ರ ಸ್ವಲ್ಪವಿದೆ. ಮನುಷ್ಯನ ಎದೆಯ ಮೂಲಕ ಹಾದುಹೋದರೆ ಪ್ರಾಣ ತೆಗೆಯಬಲ್ಲ ಪ್ರವಾಹ 60 ವಾಟಿನ ಬಲ್ಬು ಎಳೆಯುವುದರ ಅರ್ಧಕ್ಕಿಂತಲೂ ಕಡಿಮೆ. ಗೀಸರಿನ ಸಾಲಿನಲ್ಲಿ ಸಾಮಾನ್ಯವಾಗಿ ಇರುವ 16 ಆಂಪಿಯರಿನ ಎಂಸಿಬಿ ಅಷ್ಟು ಸಣ್ಣದನ್ನು ಗಮನಿಸುವುದೇ ಇಲ್ಲ. ಅದು ತಂತಿಯನ್ನು ಕಾಯುವ ಕಾವಲುಗಾರ, ಮನುಷ್ಯನನ್ನು ಕಾಯುವುದಲ್ಲ. ಮನುಷ್ಯನನ್ನು ಕಾಯುವವರು ಇಬ್ಬರು. ಒಬ್ಬ ಭೂಸಂಪರ್ಕದ ಹಸುರು ತಂತಿ. ಇನ್ನೊಬ್ಬ ಆರ್‌ಸಿಸಿಬಿ ಎಂಬ ಸಾಧನ. ಮನೆಯೊಳಗೆ ಹೋದ ಪ್ರವಾಹವೆಲ್ಲ ಹಿಂದಿರುಗಿತೇ ಎಂದು ಇದು ಸದಾ ಲೆಕ್ಕ ನೋಡುತ್ತಿರುತ್ತದೆ. ಮನೆಗಳಲ್ಲಿ ಹಾಕುವ ಸಾಧನಕ್ಕೆ 30 ಮಿಲಿಆಂಪಿಯರು ಮಿತಿ. ಅಂದರೆ 16 ಆಂಪಿಯರಿನ ಐನೂರರಲ್ಲಿ ಒಂದು ಪಾಲಿಗೂ ಕಡಿಮೆ. ಅಷ್ಟು ಲೆಕ್ಕ ತಪ್ಪಿದರೆ ಕ್ಷಣಾರ್ಧದಲ್ಲಿ ಇಡೀ ಸಾಲನ್ನು ಕಡಿದುಹಾಕುತ್ತದೆ. ಅದರ ಮೇಲೊಂದು ಪರೀಕ್ಷಾ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ಎಂದು ನೋಡಬೇಕು. ಬೀಳದಿದ್ದರೆ ಕಾವಲುಗಾರ ನಿದ್ರಿಸುತ್ತಿದ್ದಾನೆಂದು ಅರ್ಥ.

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಒಂದು ಕಡ್ಡಿ ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ, ನೋಡಿದ್ದೀರಷ್ಟೆ. ಅದು ಭೂಸಂಪರ್ಕದ ಕಡ್ಡಿ. ಚುಚ್ಚುವಾಗ ಎಲ್ಲಕ್ಕಿಂತ ಮೊದಲು ತಗಲಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂಬ ಉದ್ದೇಶದಿಂದಲೇ ಅದನ್ನು ಹಾಗೆ ಮಾಡಿದ್ದಾರೆ. ಮೊದಲು ಬಂದು ಕೊನೆಗೆ ಹೋಗುವ ಈ ಬಂಧುವನ್ನು ನಾವು ನಡೆಸಿಕೊಳ್ಳುವ ರೀತಿ ವಿಚಿತ್ರ. ಮೂರು ಕಡ್ಡಿಯ ಸಲಕರಣೆಗೆ ಎರಡು ಕಡ್ಡಿಯ ಪ್ಲಗ್ಗು ಜೋಡಿಸುತ್ತೇವೆ. ಕೆಲವರು ಆ ಕಡ್ಡಿಯನ್ನೇ ಮುರಿದುಹಾಕುತ್ತಾರೆ. ಅದಿಲ್ಲದೆಯೂ ಫ್ಯಾನು ತಿರುಗುತ್ತದೆ, ನೀರು ಕಾಯುತ್ತದೆ. ಕಷ್ಟ ಬರುವವರೆಗೆ ಅದರ ಅಭಾವ ತಿಳಿಯುವುದಿಲ್ಲ. ಭೂಸಂಪರ್ಕದ ಗುಂಡಿಗೂ ಆರೈಕೆ ಬೇಕು. ಬೇಸಗೆಯಲ್ಲಿ ನೆಲ ಒಣಗಿದಾಗ ಅದರ ಶಕ್ತಿ ಕುಂದುತ್ತದೆ. ಆದ್ದರಿಂದಲೇ ಅದಕ್ಕೆ ನೀರು ಹಾಕುವ ಪದ್ಧತಿ. ತುಳಸಿಗೆ ಎರೆಯುವ ನೀರಿನಲ್ಲಿ ಒಂದು ಚೊಂಬು ಅದಕ್ಕೂ ಸಲ್ಲಲಿ.

ಒಂದು ವೇಳೆ ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡರೆ ಅವರನ್ನು ಮುಟ್ಟಬಾರದು. ಕರುಳು ಎಳೆಯುತ್ತದೆ, ನಿಜ. ಆದರೆ ಮುಟ್ಟಿದರೆ ಒಬ್ಬರ ಬದಲು ಇಬ್ಬರು. ಮೊದಲು ಮೇನ್ ಆರಿಸಬೇಕು. ಅದು ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ, ತಾವು ಒಣ ಜಾಗದಲ್ಲಿ ನಿಂತು, ಅವರನ್ನು ದೂರ ತಳ್ಳಬೇಕು. ತಡಮಾಡದೆ 108ಕ್ಕೆ ಕರೆ ಮಾಡಬೇಕು. ಉಸಿರು ನಿಂತಿದ್ದರೆ ನೆರವು ಬರುವವರೆಗೆ ಎದೆಯ ನಡುವೆ ಎರಡೂ ಕೈಗಳಿಂದ ಬಲವಾಗಿ, ಬೇಗ ಬೇಗ ಒತ್ತುತ್ತಿರಬೇಕು. ಎದ್ದು ಕುಳಿತು ಚೆನ್ನಾಗಿದ್ದೇನೆಂದರೂ ವೈದ್ಯರಿಗೆ ತೋರಿಸುವುದು ಕ್ಷೇಮ. ಹೃದಯದ ಮೇಲಿನ ಪರಿಣಾಮ ಹೊರಗೆ ಕಾಣುವುದಿಲ್ಲ.

ಇನ್ನು ನ್ಯಾಯದ ಪ್ರಶ್ನೆ. ಸರಿಪಡಿಸತಕ್ಕವರು ಯಾರು, ಖರ್ಚು ಯಾರದು? ಕಂಬದಿಂದ ಮೀಟರಿನವರೆಗೆ ಕಂಪನಿಯ ಹೊಣೆ. ಮೀಟರಿನಿಂದ ಈಚೆಗೆ ಮನೆಯ ಹೊಣೆ. ಮನೆಯ ಹೊಣೆಯಲ್ಲಿ ಬಲ್ಬು, ಟ್ಯೂಬು, ನಾವು ತಂದ ಸಲಕರಣೆ, ನಮ್ಮಿಂದ ಮುರಿದ ಸ್ವಿಚ್ಚು ಇವು ಬಾಡಿಗೆದಾರನಿಗೆ. ಗೋಡೆಯ ತಂತಿ, ಮೇನ್ ಸ್ವಿಚ್ಚು, ಭೂಸಂಪರ್ಕ, ಮನೆಯೊಡನೆ ಕೊಟ್ಟ ಗೀಸರು ಇವು ಮಾಲೀಕರಿಗೆ ಎಂಬುದು ನಮ್ಮಲ್ಲಿ ರೂಢಿಯಾಗಿ ಬಂದ ಹಂಚಿಕೆ. ಕಾನೂನೂ ಇಲ್ಲಿ ಮೂಕವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣವನ್ನು ನೋಡಬಹುದು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ತನಗೆ ಗೊತ್ತಿದ್ದು ಬಾಡಿಗೆದಾರನಿಗೆ ಸಹಜವಾಗಿ ಕಾಣದಿರುವ ಮುಖ್ಯ ದೋಷವನ್ನು ಮಾಲೀಕ ಮೊದಲೇ ತಿಳಿಸತಕ್ಕದ್ದು ಎಂದು ಅದು ಹೇಳುತ್ತದೆ. ಮಾಲೀಕ ಮಾಡಿಕೊಡಲು ಬದ್ಧನಾದ ದುರಸ್ತಿಯನ್ನು, ತಿಳಿವಳಿಕೆ ಕೊಟ್ಟ ಮೇಲೂ ಯುಕ್ತ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದೂ ಹೇಳುತ್ತದೆ. ಬಾಡಿಗೆದಾರನ ಕೈತಪ್ಪಿನಿಂದ ಆದ ಹಾನಿಯನ್ನು ಅವನೇ ತುಂಬಿಕೊಡತಕ್ಕದ್ದು ಎಂದು ಹೇಳಲು ಸಹ ಅದು ಮರೆತಿಲ್ಲ. ದುರಸ್ತಿಗೆ ಮಾಲೀಕ ಬದ್ಧನೋ ಅಲ್ಲವೋ ಎಂಬುದು ಬಹುಮಟ್ಟಿಗೆ ಕರಾರನ್ನು ಅವಲಂಬಿಸುವುದರಿಂದ, ತಂತಿ ಮತ್ತು ಭೂಸಂಪರ್ಕದ ದುರಸ್ತಿ ಮಾಲೀಕರದು ಎಂಬ ಒಂದು ಸಾಲನ್ನು ಸಹಿ ಮಾಡುವ ಮುನ್ನವೇ ಅದರಲ್ಲಿ ಬರೆಸಿಕೊಳ್ಳಬೇಕು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೊಡುವವನು ಒಂದು ಸಾಲನ್ನು ಕೇಳುವುದು ಅತಿಯಾಸೆಯಲ್ಲ.

ಹಾಗೆಂದು ಮೊದಲ ದಿನವೇ ಕಾನೂನಿನ ಪುಸ್ತಕ ಹಿಡಿದು ನಿಲ್ಲಬೇಕಾಗಿಲ್ಲ. ಬಾಯಲ್ಲಿ ಹೇಳಿ; ಹೇಳಿದ್ದನ್ನು ಅದೇ ದಿನ ಬರಹದಲ್ಲಿಯೂ ತಿಳಿಸಿ. ದೋಷ ಏನು, ಎಂದಿನಿಂದ, ಯಾರಿಗೆ ಅಪಾಯ ಎಂದು ನಾಲ್ಕು ಸಾಲು ಸಾಕು. ಕೈಯಲ್ಲಿರುವ ಫೋನಿನಿಂದಲೇ ಕಳುಹಿಸಬಹುದು. ಜೊತೆಗೊಂದು ಚಿತ್ರ ಇರಲಿ. ಕೋಪದ ಮಾತು ಬೇಡ. ಬರಹಕ್ಕೆ ಒಂದು ಗುಣವುಂಟು: ಅದು ಕೇಳಿದವರನ್ನು ಎರಡನೆಯ ಸಲ ಯೋಚಿಸುವಂತೆ ಮಾಡುತ್ತದೆ. ಕೆಲಸಕ್ಕೆ ಕರೆಯುವವರು ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಕಡೆಯವರೋ, ಪರವಾನಗಿಯುಳ್ಳ ವೈರ್‌ಮನ್ನರೋ ಆಗಿರಲಿ. ದೀಪಾವಳಿಗೆ ಸರದೀಪ ಕಟ್ಟುವ ಪಕ್ಕದ ಮನೆಯ ಉತ್ಸಾಹಿ ಹುಡುಗ ಇದಕ್ಕೆ ಸಾಲದು. ಕೆಲಸವಾದ ಮೇಲೆ ರಸೀದಿ ಪಡೆದು ಇಟ್ಟುಕೊಳ್ಳಿ. ಅಪಾಯವಿರುವ ಸಲಕರಣೆಯನ್ನು ದುರಸ್ತಿಯಾಗುವವರೆಗೆ ಬಳಸಕೂಡದು. ನಾಲ್ಕು ದಿನ ಒಲೆಯ ಮೇಲೆ ನೀರು ಕಾಯಿಸಿಕೊಂಡರೆ ಯಾರ ಮಾನವೂ ಹೋಗುವುದಿಲ್ಲ.

ಇಷ್ಟನ್ನೂ ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ತಂತಿಯದಲ್ಲ, ಮನುಷ್ಯರದು. ಬಾಡಿಗೆ ಮನೆ ಎಂಬುದು ಯಾರ ಮನೆ? ಬಾಡಿಗೆದಾರನು, ಇದು ನನ್ನದಲ್ಲ, ನಾನೇಕೆ ತಲೆ ಕೆಡಿಸಿಕೊಳ್ಳಲಿ ಎಂದುಕೊಳ್ಳುತ್ತಾನೆ. ಮಾಲೀಕರು, ಅಲ್ಲಿ ನಾನು ವಾಸವಿಲ್ಲ, ಇರುವವರು ನೋಡಿಕೊಳ್ಳಲಿ ಎಂದುಕೊಳ್ಳುತ್ತಾರೆ. ಇಬ್ಬರೂ ಕೈಬಿಟ್ಟ ನಡುವಿನ ಜಾಗದಲ್ಲಿ ಆ ಹಸುರು ತಂತಿ ಯಾವುದಕ್ಕೂ ಸೇರದೆ ಕುಳಿತಿರುತ್ತದೆ. ದೋಷಕ್ಕೆ ಮಾತ್ರ ಸ್ವಂತ, ಬಾಡಿಗೆ ಎಂಬ ಭೇದವಿಲ್ಲ. ಮಹಡಿ, ಕೆಳಮನೆ ಎಂಬ ಭೇದವೂ ಇಲ್ಲ. ಒಂದು ಮನೆಯಲ್ಲಿ ಒಂದು ರಾತ್ರಿ ನಿದ್ರೆ ಮಾಡಿದವನಿಗೂ ಆ ಮನೆಯ ಋಣವಿದೆಯೆಂದು ನಮ್ಮವರು ನಂಬಿದ್ದರು. ಹನ್ನೊಂದು ತಿಂಗಳು ಇದ್ದವನಿಗೆ ಎಷ್ಟಿರಬೇಡ?

ಆ ಋಣವನ್ನು ತೀರಿಸಲು ದೊಡ್ಡ ಸಾಹಸವೇನೂ ಬೇಡ. ಮನೆ ಬಿಡುವ ದಿನ ಒಂದು ಹಾಳೆಯಲ್ಲಿ ಮೇನ್ ಸ್ವಿಚ್ಚು ಎಲ್ಲಿ, ಯಾವ ಎಂಸಿಬಿ ಯಾವ ಕೋಣೆಗೆ, ಯಾವ ಪ್ಲಗ್ಗು ಸಡಿಲ, ಯಾವ ದುರಸ್ತಿ ಯಾವ ತಿಂಗಳಲ್ಲಿ ಆಯಿತು, ಬಲ್ಲ ವೈರ್‌ಮನ್ನರು ಯಾರು ಎಂದು ಬರೆದು, ಒಂದು ಪ್ರತಿಯನ್ನು ಮಾಲೀಕರ ಕೈಗೆ ಕೊಟ್ಟು ಇನ್ನೊಂದನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ ಬರಬೇಕು. ಮುಂದೆ ಬರುವವರು ಯಾರೋ ನಮಗೆ ತಿಳಿಯದು. ಅವರಿಗೆ ನಾವು ಯಾರೆಂದು ತಿಳಿಯುವುದೂ ಇಲ್ಲ. ಆದರೂ ಒಂದು ರಾತ್ರಿ ದೀಪ ಆರಿದಾಗ ಅವರು ಆ ಮುಚ್ಚಳವನ್ನು ತೆರೆಯುತ್ತಾರೆ. ಅವರು ಓದಿಕೊಳ್ಳುವಂತೆ ಅಲ್ಲಿ ನಾಲ್ಕು ಸಾಲು ಇರಲಿ.